ಬಿಳಿ ಬಿಟ್ಟ ಜಾಗ

ಉಷಾ ಹಾಲಿನ ಲೋಟ ಹಿಡಿದುಕೊಂಡು ಹಿತ್ತಲಿನ ಕಡೆ ಹೋದದ್ದನ್ನು ಚಂದ್ರಮತಿ ತಲೆ ಬಾಚಿಕೊಳ್ಳುತ್ತಲೇ ಕನ್ನಡಿಯಲ್ಲಿ ಕಂಡಳು. ಹುಡುಗಿ ಆಚೆ ಈಚೆ ನೋಡಿ, ಅಜ್ಜಿ ದೇವರ ಮುಂದೆ ಕೂತಿರುವುದನ್ನು ಖಾತ್ರಿ ಮಾಡಿಕೊಂಡು, ಅರ್ಧ ಹಾಲನ್ನು ಮೋರಿಗೆ ಸುರಿದಳು. ಆಮೇಲೆ ಸ್ಕೂಲಿಗೆ ಒಯ್ಯುವ ನೀರಿನ ಬಾಟಲಿಯನ್ನೂ ಬಗ್ಗಿಸಿ ಖಾಲಿ ಮಾಡಿ, ಮುಚ್ಚಳ ತಿರುಗಿಸಿ, ಏನೂ ಆಗದವಳ ಹಾಗೆ ಚೀಲಕ್ಕೆ ಸೇರಿಸಿದಳು. ಅಣ್ಣನ ಮಗಳು, ಇನ್ನೂ ಹನ್ನೊಂದು ತುಂಬಿಲ್ಲ. ಹಾಲು ಚೆಲ್ಲಿದ್ದಕ್ಕೆ ಗದರಬೇಕೆಂದು ಎದ್ದ ಚಂದ್ರಮತಿ ಗದರಲಿಲ್ಲ. ಯಾಕೆ ಎಂದಷ್ಟೇ ಕೇಳಿದಳು. ಮದರಾಸಿನಲ್ಲಿ ಹುಟ್ಟಿದ ಮಗು, ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ತಮಿಳಿನಲ್ಲೇ ಉತ್ತರ. ಸ್ಕೂಲಿನಲ್ಲಿ ಕುಡಿದರೆ ಆಮೇಲೆ ಹೋಗಬೇಕಾಗುತ್ತದೆ, ಅಲ್ಲಿ ಬಾಗಿಲೇ ಇಲ್ಲ ಅಂದಳು. ಅಷ್ಟಕ್ಕೇ ಬಿಡದೆ, ತಾನು ಸಿಕ್ಕಿಬಿದ್ದರೆ ಇನ್ನೊಬ್ಬರನ್ನೂ ಎಳೆದುಕೊಂಡೇ ಬೀಳುವ ಮಕ್ಕಳ ನ್ಯಾಯದಂತೆ, "ನೀಯುಂತಾನೇ ಅತ್ತೆ, ಆಫೀಸ್ ಪೋರಪ್ಪೊ ತಣ್ಣಿ ಕುಡಿಕ್ಕ ಮಾಟ್ಟೆ" ಎಂದಳು. ನೀನೂ ತಾನೇ ಆಫೀಸಿಗೆ ಹೋಗುವಾಗ ನೀರು ಕುಡಿಯುವುದಿಲ್ಲ. ಚಂದ್ರಮತಿಯ ಕೈಯಲ್ಲಿದ್ದ ಬಾಚಣಿಗೆ ಅಲ್ಲೇ ನಿಂತಿತು. ತನ್ನ ಈ ಅಭ್ಯಾಸ ಯಾರ ಕಣ್ಣಿಗೂ ಬಿದ್ದಿಲ್ಲವೆಂದು ಅವಳು ಇಷ್ಟು ವರ್ಷ ನಂಬಿದ್ದಳು. ಅರ್ಧ ಲೋಟ ಕಾಫಿ ಬಿಟ್ಟು ಎದ್ದರೆ ತಾಯಿ ಜಾನಕಮ್ಮ, "ಏನೇ, ನಿನ್ನ ಎಂಜಲು ಕಾಫಿ ನಾನು ಕುಡಿಯಕ್ಕಾಗತ್ತಾ?" ಎಂದು ಗೊಣಗುತ್ತಿದ್ದರೇ ಹೊರತು ಅದರ ಹಿಂದೆ ಏನಿದೆಯೆಂದು ಕೇಳಿರಲಿಲ್ಲ. ಮನೆಯಲ್ಲಿ ಒಂದು ಮಾತೂ ಆಡದೆ, ಒಂದು ದಿನವೂ ಹೇಳಿಕೊಡದೆ, ಅವಳು ಒಂದು ವಿದ್ಯೆಯನ್ನು ಈ ಹುಡುಗಿಗೆ ದಾಟಿಸಿಬಿಟ್ಟಿದ್ದಳು. ಅವಳಿಗೆ ಅಳು ಬರಲಿಲ್ಲ, ಸಿಟ್ಟು ಬಂತು. ಅದೂ ತನ್ನ ಮೇಲೇ. ಹೇರ್‌ಪಿನ್ನನ್ನು ಹಲ್ಲಿನಲ್ಲಿ ಕಚ್ಚಿಕೊಂಡೇ ಅವಳು ಉಷಾಳ ಬಾಟಲಿಗೆ ಮತ್ತೆ ನೀರು ತುಂಬಿಸಿಕೊಟ್ಟಳು.

ತಿರುವಲ್ಲಿಕೇಣಿಯ ಬೀದಿಯಲ್ಲಿ ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ನುಂಗಂಬಾಕ್ಕಂ ಬಸ್ಸಿನಲ್ಲಿ ಹೆಂಗಸರ ಸೀಟು ಸಿಕ್ಕಿತು. ತೊಡೆಯ ಮೇಲೆ ಚೀಲ, ಚೀಲದಲ್ಲಿ ಟೈಪಾದ ಹಾಳೆಗಳ ಕಟ್ಟು. ಅದು ಇಪ್ಪತ್ತೈದು ವರ್ಷದ ಆಚೆಯ ಕಟ್ಟು. ಈಗಿನ್ನೂ ಅರವತ್ತಾರನೇ ಇಸವಿ, ಹಾಳೆಯಲ್ಲಿರುವುದು ತೊಂಬತ್ತೊಂದು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದನ್ನೇ ಒಂದು ಇಲಾಖೆ ಮಾಡಿ, ಅದಕ್ಕೊಬ್ಬ ಡೈರೆಕ್ಟರನ್ನು ಇಟ್ಟು, ಹಳೇ ಜಮೀನ್ದಾರರ ಬಂಗಲೆಯಲ್ಲಿ ಕೂರಿಸಿದ್ದರು. ಊರು ಮುಂದೆ ಹೇಗೆ ಬೆಳೆಯುತ್ತದೆ, ಎಲ್ಲಿ ಕಾರ್ಖಾನೆ, ಎಲ್ಲಿ ಮನೆ, ಎಲ್ಲಿ ರಸ್ತೆ ಎಂದು ಅಂದಾಜು ಕಟ್ಟುವುದು ಆ ಕಚೇರಿಯ ಕೆಲಸ. ಚಂದ್ರಮತಿ ಅಲ್ಲಿ ಅಂಕಿಅಂಶದ ಸಹಾಯಕಿ, ಇಡೀ ಕಚೇರಿಗೆ ಒಬ್ಬಳೇ ಹೆಂಗಸು. ಮಣಲಿಯಲ್ಲಿ ಎಣ್ಣೆ ಶುದ್ಧಿ ಮಾಡುವ ಕಾರ್ಖಾನೆ ಬರುತ್ತದೆ, ಅದರ ಬೆನ್ನಿಗೆ ಇನ್ನೂ ಹತ್ತಾರು ಬರುತ್ತವೆ, ಆ ಕಡೆಯ ಉಪ್ಪಿನ ಬಯಲಿನಲ್ಲಿ ಹೊಸ ಊರೇ ಎದ್ದು ನಿಲ್ಲುತ್ತದೆ ಎಂಬ ಸುದ್ದಿಗೆ ಕಚೇರಿಯಲ್ಲಿ ಎಲ್ಲರಿಗೂ ರೆಕ್ಕೆ ಬಂದಿತ್ತು. ಡೈರೆಕ್ಟರು ದೆಹಲಿಯ ಯಾವುದೋ ಸಭೆಗೆ ಹೋಗಿಬಂದು, ಬರೀ ಒಂದು ನಕ್ಷೆ ಸಾಲದು, ಮೂರು ಭವಿಷ್ಯ ಬೇಕು ಅಂದರು. ಕಾರ್ಖಾನೆಗಳು ಭರದಿಂದ ಬಂದರೆ ಒಂದು, ಬಾರದೆ ಹೋದರೆ ಒಂದು, ನಡುವೆ ಎಲ್ಲೋ ನಿಂತರೆ ಒಂದು. ಮೂರರಲ್ಲೂ ಮಾನವ ಅಂಶ ಇರಲೇಬೇಕು ಅಂದರು. ಅಡಿಗೆ ಇಳಿಸಿದ ಮೇಲೆ ಉಪ್ಪು ಮರೆತದ್ದು ನೆನಪಾದಂತೆ, ಆ ಅಂಶವನ್ನು ಉದುರಿಸುವ ಕೆಲಸ ಚಂದ್ರಮತಿಯ ಪಾಲಿಗೆ ಬಂತು. ಹೆಂಗಸಲ್ಲವೇ, ಮನುಷ್ಯರ ವಿಷಯ ಗೊತ್ತಿರುತ್ತದೆ ಎಂದು ಯಾರೋ ಅಂದದ್ದು ಅವಳ ಕಿವಿಗೂ ಬಿದ್ದಿತ್ತು.

ಅವಳು ಬರೆದಳು. ಬೇಕೆಂದೇ ಬೇರೆ ರೀತಿಯಲ್ಲಿ ಬರೆದಳು. ಮೂರು ಭವಿಷ್ಯಗಳಲ್ಲೂ ಒಬ್ಬಳೇ ಹೆಂಗಸನ್ನು ಇಟ್ಟು, ಅವಳ ಒಂದು ದಿನವನ್ನು ಬೆಳಗಿನಿಂದ ನಡೆಸಿಕೊಂಡು ಹೋಗುವುದು. ಎಲ್ಲಿ ಏಳುತ್ತಾಳೆ, ನೀರು ಎಲ್ಲಿಂದ ತರುತ್ತಾಳೆ, ಮಗುವನ್ನು ಯಾರ ಹತ್ತಿರ ಬಿಡುತ್ತಾಳೆ, ಕಾರ್ಖಾನೆಯ ಸೈರನ್ನಿಗೆ ಎಷ್ಟು ಮುಂಚೆ ಮನೆ ಬಿಡುತ್ತಾಳೆ. ಮೊದಮೊದಲು ಅವಳಿಗೆ ಖುಷಿಯಾಗಿತ್ತು, ಕಾಲೇಜಿನಲ್ಲಿ ಪ್ರಬಂಧ ಬರೆದಾಗಿನ ಖುಷಿ. ಆದರೆ ಮೊದಲನೇ ಭವಿಷ್ಯದಲ್ಲಿ ಆ ಹೆಂಗಸು ಕತ್ತಲಲ್ಲಿ ಎದ್ದು ಗುಡಿಸಲಿನ ಬಾಗಿಲು ತೆರೆದು ಅಲ್ಲೇ ನಿಂತುಬಿಟ್ಟಳು. ಎತ್ತ ಹೋಗುವುದು? ಅವಳು ಹೋಗುತ್ತಿದ್ದ ಜಾಗದ ಮೇಲೆ ಲಾರಿಗಳ ರಸ್ತೆ ಬಂದಿತ್ತು, ರಸ್ತೆಗೆ ರಾತ್ರಿಯೆಲ್ಲ ಉರಿಯುವ ದೀಪಗಳಿದ್ದವು. ಎರಡನೇ ಭವಿಷ್ಯದಲ್ಲಿ ಕಾರ್ಖಾನೆ ಇರಲಿಲ್ಲ, ಅಲ್ಲಿ ಉದ್ಯಾನವೆಂದು ತಂತಿಬೇಲಿ ಹಾಕಿ ಕಾವಲುಗಾರನನ್ನು ಕೂರಿಸಿದ್ದರು. ಮೂರನೆಯದರಲ್ಲಿ ಗೋಡೌನಿನ ಗೋಡೆ. ಎಷ್ಟು ತಿದ್ದಿ ಬರೆದರೂ, ಮೂರು ಕಡೆಯೂ ಅವಳು ಬಾಗಿಲಲ್ಲೇ ನಿಂತಿದ್ದಳು. ಹಾಗೇ ನಿಲ್ಲಿಸಿ ಚಂದ್ರಮತಿ ಒಂದು ಪೂರಾ ಹಾಳೆ ಬರೆದಳು, ಆ ಹೆಂಗಸಿಗೆ ಎಲ್ಲಿಗೆ ಹೋಗಬೇಕಾಗಿತ್ತು ಎಂದು ಇದ್ದದ್ದನ್ನು ಇದ್ದಹಾಗೆ. ನಿನ್ನೆ ಸಂಜೆ ಅವಳ ಮೇಲಧಿಕಾರಿ ಸೀತಾರಾಮ ಕಟ್ಟನ್ನೆಲ್ಲ ಓದಿ, ಆ ಒಂದು ಹಾಳೆಯನ್ನು ಮಾತ್ರ ಎರಡು ಬೆರಳಲ್ಲಿ ಎತ್ತಿ ಬೇರೆ ಇಟ್ಟರು. ಇವತ್ತು ಮಧ್ಯಾಹ್ನ ಸಭೆ. ದೆಹಲಿಯಿಂದ ತಜ್ಞರೊಬ್ಬರು ಬರುತ್ತಾರೆ. ಹಾಳೆ ತೆಗೆದರೆ ಅವಳೇ ಓದಬಹುದು, ತೆಗೆಯದಿದ್ದರೆ ತಾವೇ ಓದುವುದಾಗಿ ಸೀತಾರಾಮ ಮೆತ್ತಗೆ ಹೇಳಿದ್ದರು.

ಬಸ್ಸು ಮೌಂಟ್ ರೋಡಿಗೆ ತಿರುಗಿದಾಗ ಕಿಟಕಿಯಿಂದ ಬಿಸಿಗಾಳಿ ನುಗ್ಗಿತು, ಗಾಳಿಯಲ್ಲಿ ಉಪ್ಪಿನ ವಾಸನೆಯಿತ್ತು. ಇರಲಿಲ್ಲವೇನೋ, ಅವಳಿಗೆ ಬಂತು. ಸರ್ವೆಗೆಂದು ಉಪ್ಪಳಮೇಡಿಗೆ ಹೋದ ದಿನವೂ ಇದೇ ವಾಸನೆ. ಮಣಲಿಯ ಆಚೆ, ಬಕಿಂಗ್‌ಹ್ಯಾಂ ಕಾಲುವೆ ದಾಟಿ, ಉಪ್ಪಿನ ಪಾತಿಗಳ ನಡುವೆ ಒಂದು ದಿಬ್ಬ, ದಿಬ್ಬದ ಮೇಲೆ ಗುಡಿಸಲುಗಳು. ಸರ್ವೆ ಹುಡುಗರೆಲ್ಲ ಗಂಡಸರು, ಗಂಡಸರನ್ನೇ ಕೇಳಿ ಬರೆದುಕೊಳ್ಳುತ್ತಿದ್ದರು. ಒಂದು ದಿನವಾದರೂ ನೋಡಿ ಬನ್ನಿ ಎಂದು ಸೀತಾರಾಮ ಅವಳನ್ನು ಜೀಪಿನಲ್ಲಿ ಕಳಿಸಿದ್ದರು. ಅಂದು ಬೆಳಿಗ್ಗೆ ತಾಯಿ, ದೂರ ಹೋಗುತ್ತೀಯ, ಬಿಸಿಲು, ಎಂದು ಕೂತಲ್ಲಿಂದ ಏಳದ ಹಾಗೆ ಎರಡು ಲೋಟ ಮಜ್ಜಿಗೆ ಕುಡಿಸಿದ್ದರು. ತಾಯಿಯ ಪ್ರೀತಿ ಹನ್ನೊಂದು ಗಂಟೆಯ ಹೊತ್ತಿಗೆ ಅವಳನ್ನು ಹಿಂಡತೊಡಗಿತು. ಸುತ್ತ ಕಣ್ಣು ಕುಕ್ಕುವ ಬಿಳಿ ಬಯಲು. ಮರವಿಲ್ಲ, ಗೋಡೆಯಿಲ್ಲ. ಸರ್ವೆ ಹುಡುಗರು ಹತ್ತು ಹೆಜ್ಜೆ ಆಚೆ ಹೋಗಿ ಬೆನ್ನು ತಿರುಗಿಸಿ ನಿಂತು ಬೀಡಿ ಹಚ್ಚಿಕೊಂಡು ವಾಪಸು ಬಂದರು, ಅಷ್ಟು ಸಲೀಸು. ಅವಳು ಪೆನ್ಸಿಲನ್ನು ಬೆರಳಿಗೆ ಒತ್ತಿಕೊಳ್ಳುತ್ತ, ಒಂದು ಕಾಲಿನ ಮೇಲೆ ಭಾರ ಹಾಕುತ್ತ, ಮತ್ತೊಂದಕ್ಕೆ ಹಾಕುತ್ತ, ಮನೆಗೆಷ್ಟು ಜನ ಎಂದು ಕೇಳುತ್ತಲೇ ಇದ್ದಳು. ಕೊನೆಗೆ ಒಬ್ಬ ಹೆಂಗಸು, ಅಂಜಲೈ ಅಂತ ಹೆಸರು ಹೇಳಿದ್ದಳು, ತನ್ನ ಮನೆಯ ಲೆಕ್ಕ ಕೊಡುತ್ತಿದ್ದವಳು ನಡುವೆ ನಿಲ್ಲಿಸಿ ಇವಳ ಮುಖ ನೋಡಿ, ದನಿ ತಗ್ಗಿಸಿ, "ಇನ್ನಾಮಾ, ಒದುಂಗಣುಮಾ? ವಾ ಎಂಗೂಡ" ಎಂದಳು. ಪಕ್ಕಕ್ಕೆ ಸರಿಯಬೇಕಾ, ಬಾ ನನ್ನ ಜೊತೆ, ಎನ್ನುವ ಮರ್ಯಾದೆಯ ಮಾತು ಅದು.

ಜಾಲಿ ಮುಳ್ಳಿನ ಪೊದೆಗಳು ಉಪ್ಪಿನ ಪಾತಿಯ ಏರಿಯಿಂದ ಕಾಲುವೆಯವರೆಗೆ ಹಬ್ಬಿದ್ದವು. ದೂರದಿಂದ ನೋಡಿದರೆ ಕಾಡು. ಒಳಗೆ ಹೊಕ್ಕರೆ ಕವಲು ಕವಲಾಗಿ ಸಣ್ಣ ಕಾಲುದಾರಿಗಳು, ಹೆಂಗಸರ ಪಾದಗಳೇ ಸವೆಸಿದ್ದವು. ಮುದುಕಿಯರಿಗೆ ಇಲ್ಲಿ ಹತ್ತಿರ, ಬಸುರಿಯರಿಗೆ ಆ ತಗ್ಗು, ಹೊಸದಾಗಿ ಮದುವೆಯಾಗಿ ಬಂದವರಿಗೆ ಅಲ್ಲಿ ಒಳಗೆ, ಎಂದು ಅಂಜಲೈ ನಡೆಯುತ್ತಲೇ ತನ್ನ ಮನೆಯ ಕೋಣೆಗಳನ್ನು ತೋರಿಸುವವಳ ಹಾಗೆ ಕೈ ಮಾಡಿದಳು. ಬೆಳಕು ಹರಿಯುವ ಮುಂಚೆ ಎಲ್ಲರೂ ಒಟ್ಟಿಗೆ ಬರುತ್ತಾರಂತೆ, ಊರಿನ ಜಗಳ, ಸಂಧಾನ, ಹೆಣ್ಣು ನೋಡುವ ಮಾತು ಎಲ್ಲ ಆಗ ಇಲ್ಲೇ ನಡೆಯುತ್ತದಂತೆ. ಗಂಡಸರು ಈ ಕಡೆ ಕಾಲಿಡುವುದಿಲ್ಲ, ಇಟ್ಟವನನ್ನು ಒಮ್ಮೆ ಅಟ್ಟಿಸಿಕೊಂಡು ಹೋಗಿದ್ದೆವು ಎಂದು ನಕ್ಕಳು. ಆಮೇಲೆ ಬೆನ್ನು ತಿರುಗಿಸಿ ನಿಂತಳು. ಚಂದ್ರಮತಿ ಸೀರೆ ಎತ್ತಿಕೊಂಡು ಕೂತಳು. ಕೂತಾಗ ಅವಳಿಗೆ ಕಂಡದ್ದು ಅಂಜಲೈಯ ಬೆನ್ನು, ಉಪ್ಪು ಬಿದ್ದು ಬಿಳಿಚಿದ ಅವಳ ಹಿಮ್ಮಡಿ. ಕಂಡದ್ದೇ ಅದು ಅಂಜಲೈಯ ಬೆನ್ನಾಗಿ ಉಳಿಯಲಿಲ್ಲ. ಅಣ್ಣನಿಗೆ ಇನ್ಶೂರೆನ್ಸಿನ ಕೆಲಸ ಸಿಗುವ ಮುಂಚೆ ಅವರು ಪಾರ್ಥಸಾರಥಿ ಗುಡಿಯ ಹಿಂದಿನ ವಠಾರದಲ್ಲಿ ಬಾಡಿಗೆಗಿದ್ದರು. ಐದು ಸಂಸಾರಕ್ಕೆ ಒಂದೇ ಪಾಯಖಾನೆ, ಅದರ ಬಾಗಿಲಿಗೆ ಅಗುಳಿಯಿಲ್ಲ. ಗಂಡಸರು ಏಳುವ ಮುಂಚೆ ಅಮ್ಮ ಅವಳನ್ನು ಎಬ್ಬಿಸಿ, ಒದ್ದೆ ಮಡಿ ಸೀರೆಯಲ್ಲೇ ಬಾಗಿಲಿಗೆ ಬೆನ್ನು ಕೊಟ್ಟು ನಿಂತು, ಒಳಗಿರುವ ಮಗಳಿಗೆ ಧೈರ್ಯವಾಗಲೆಂದು ಗಟ್ಟಿಯಾಗಿ ವಿಷ್ಣುಸಹಸ್ರನಾಮ ಹೇಳುತ್ತಿದ್ದರು. ಮಡಿಯ ಹೆಂಗಸು, ಆ ಬಾಗಿಲನ್ನು ಮುಟ್ಟಿಕೊಂಡು ನಿಂತದ್ದಕ್ಕೆ ಮತ್ತೆ ಬಾವಿಗೆ ಹೋಗಿ ತಲೆಗೆ ನೀರು ಸುರಿದುಕೊಳ್ಳಬೇಕು. ಮಾಘದ ಚಳಿಯಲ್ಲೂ ಒಂದು ದಿನ ತಪ್ಪಿಸಲಿಲ್ಲ. ಬೆನ್ನು ತಿರುಗಿಸಿ ನಿಲ್ಲುವ ಹೆಂಗಸು ಎಲ್ಲ ಊರಿನಲ್ಲೂ ಒಬ್ಬಳೇ ಎಂದು ಅವಳಿಗೆ ಅನ್ನಿಸಿತು.

ಅನ್ನಿಸಿದ್ದು ಸರಿ, ಆಮೇಲೆ ಅವಳು ಮಾಡಿದ್ದೇನು? ಜೀಪಿನ ನೆರಳಿನಲ್ಲಿ ಕೂತು ಸರ್ವೆ ಹಾಳೆ ತುಂಬುವಾಗ ಆ ಜಾಲಿಯ ಬಯಲಿಗೆ ಏನು ಬರೆಯೋಣ ಎಂದು ಹುಡುಗರು ಕೇಳಿದರು. ಅವರ ಮುಖದಲ್ಲಿ ಕೀಟಲೆಯಿತ್ತೋ ಇಲ್ಲವೋ, ಅವಳಿಗೆ ಇದೆಯೆನ್ನಿಸಿತು. ಈ ಅಮ್ಮ ಎಲ್ಲಿಗೆ ಹೋಗಿದ್ದರು ಎಂದು ಅವರು ತಮ್ಮಲ್ಲೇ ನಗುತ್ತಿದ್ದಾರೆ ಅನ್ನಿಸಿತು. ಖಾಲಿ ಜಾಗ, ಮುಳ್ಳುಕಂಟಿ, ಬಳಕೆಯಿಲ್ಲ, ಎಂದು ಅವಳೇ ಹೇಳಿದಳು. ಅವಳೇ ಗುರುತು ಹಾಕಿದಳು. ಮೈ ಹಗುರಾಗಿ ಅರ್ಧ ಗಂಟೆಯಾಗಿರಲಿಲ್ಲ. ನಾಚಿಕೆ ಎಂಬುದು ಮನುಷ್ಯನಿಗೆ ಮಾನ ಕಾಪಾಡಲಿಕ್ಕೆ ಇರುವುದಂತೆ. ಅವತ್ತು ಅದು ಒಂದು ಊರಿನ ಹೆಂಗಸರ ಮಾನವನ್ನೆಲ್ಲ ಒಂದೇ ಗೀಟಿನಲ್ಲಿ ಒರೆಸಿಹಾಕಿತು. ಕಚೇರಿಯ ನಕ್ಷೆಗಾರ ಗುಂಡಣ್ಣ ಆ ಹಾಳೆ ನೋಡಿಕೊಂಡು ದೊಡ್ಡ ನಕ್ಷೆಗೆ ಬಣ್ಣ ಹಚ್ಚಿದ. ಮನೆಗೆ ಹಳದಿ, ಕಾರ್ಖಾನೆಗೆ ನೇರಳೆ, ನೀರಿಗೆ ನೀಲಿ. ಖಾಲಿ ಜಾಗಕ್ಕೆ ಬಣ್ಣವಿಲ್ಲ, ಕಾಗದವನ್ನು ಬಿಳಿಯಾಗಿಯೇ ಬಿಡುವುದು ಪದ್ಧತಿ. ಬಿಳಿಯದು ಕಂಡರೆ ಎಂಜಿನಿಯರುಗಳ ಕೈ ಸುಮ್ಮನಿರುತ್ತದೆಯೇ, ಲಾರಿ ರಸ್ತೆಯನ್ನು ಅದರ ಮೇಲೇ ಎಳೆದರು. ಯಾರ ಮನೆಯನ್ನೂ ಕೆಡವಬೇಕಾಗಿಲ್ಲ, ಯಾರಿಗೂ ತೊಂದರೆಯಿಲ್ಲ ಎಂದು ಸಂತೋಷಪಟ್ಟರು. ಚಂದ್ರಮತಿ ಆ ಸಂತೋಷವನ್ನು ಟೈಪು ಕೂಡ ಮಾಡಿಸಿದ್ದಳು.

ಕಚೇರಿ ಮುಟ್ಟಿದಾಗ ಸೀತಾರಾಮ ವರಾಂಡದಲ್ಲೇ ಸಿಕ್ಕಿದರು. ಪೆರಂಬೂರಿನ ರೈಲ್ವೆ ಕ್ವಾರ್ಟರ್ಸಿನಲ್ಲಿ ಬೆಳೆದ ಮೈಸೂರು ಕಡೆಯವರು, ಒಳ್ಳೆಯ ಮನುಷ್ಯ. ಹೆಣ್ಣುಮಗಳಿಗೆ ಈ ಕೆಲಸ ಯಾಕೆ ಎಂದು ಉಳಿದವರು ಮೂಗು ಮುರಿದಾಗ ಅವಳ ಪರವಾಗಿ ನಿಂತವರು. ಅದಕ್ಕೇ ಅವರ ಮಾತು ಮೀರುವುದು ಕಷ್ಟ. ಕೆಟ್ಟವರ ಮಾತು ಮೀರಲು ಯಾರಿಗೆ ಏನು ಧೈರ್ಯ ಬೇಕು? ಹಾಳೆ ತೆಗೆದಿರಾ ಎಂದು ಅವರು ಕೇಳಲಿಲ್ಲ, ಕಾಫಿ ಆಯಿತೇ ಎಂದು ಕೇಳಿದರು. ತೆಗೆದಿಲ್ಲ ಸಾರ್, ಎಂದು ಅವಳೇ ಹೇಳಿದಳು.

ಸೀತಾರಾಮ ಕನ್ನಡಕ ಒರೆಸಿಕೊಂಡರು. "ನೋಡಿ ಚಂದ್ರಮತಿಯವ್ರೇ, ನೀವು ಬರೆದಿದ್ದು ಸುಳ್ಳು ಅಂತ ನಾನು ಹೇಳ್ತಾ ಇಲ್ಲ. ಸ್ಯಾನಿಟೇಷನ್ ಅಂತ ಒಂದು ಮಾತಿದೆ, ಅದನ್ನ ಹಾಕಿ, ಅದರಲ್ಲಿ ಎಲ್ಲಾ ಅಡಗುತ್ತೆ. ಇದನ್ನೆಲ್ಲ ಬಿಡಿಸಿ ಹೇಳಿದ್ರೆ ಮೀಟಿಂಗಲ್ಲಿ ನಿಮ್ಮನ್ನೇ ಒಂಥರಾ ನೋಡ್ತಾರೆ. ನಾಳೆಯಿಂದ ಈ ಬಿಲ್ಡಿಂಗಲ್ಲಿ ಓಡಾಡೋರು ನೀವು."

"ಅಡಗುತ್ತೆ ಅಂತಲೇ ಸಾರ್ ನನಗೆ ಭಯ," ಎಂದಳು ಚಂದ್ರಮತಿ.

ಅವರಿಗೆ ಬೇಜಾರಾಗಲಿಲ್ಲ, ನಕ್ಕರು. ನಿಮ್ಮ ಹಟ ನಮ್ಮ ಮನೆಯಾಕೆಗಿಂತ ಒಂದು ಕೈ ಮೇಲು ಎಂದು ಹೇಳಿ ಒಳಗೆ ಹೋದರು. ಓದುವುದು ನೀವೋ ನಾನೋ ಎಂಬ ಮಾತನ್ನು ಮತ್ತೆ ಎತ್ತದೆ ಹೋದರು ಎಂಬುದು ಅವಳಿಗೆ ಆಮೇಲೆ ಹೊಳೆಯಿತು. ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಈ ಬಿಲ್ಡಿಂಗಿನಲ್ಲಿ ಓಡಾಡುವುದು ಎಂದರೇನೆಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಜಮೀನ್ದಾರರ ಕಾಲದ ಬಂಗಲೆ; ಹೆಂಗಸರ ಸ್ನಾನದ ಮನೆಯನ್ನು ನಕ್ಷೆಗಳ ಉಗ್ರಾಣ ಮಾಡಿದ್ದರು. ಅವಳು ಕೆಲಸಕ್ಕೆ ಸೇರಿದಾಗ, ಹಿತ್ತಲಿನಲ್ಲಿ ಆಳುಗಳಿಗೆಂದು ಕಟ್ಟಿಸಿದ್ದ ಪಾಯಖಾನೆಗೆ ಬೀಗ ಹಾಕಿಸಿ, ಇದು ನಿಮಗೆ ಎಂದರು. ಬೀಗದ ಕೈ ಹೆಡ್ ಕ್ಲಾರ್ಕಿನ ಕುರ್ಚಿಯ ಹಿಂದಿನ ಮೊಳೆಯಲ್ಲಿ, ಕಳೆಯದಿರಲೆಂದು ಅಂಗೈಯಗಲದ ಮರದ ಬಿಲ್ಲೆ ಕಟ್ಟಿಕೊಂಡು ನೇತಾಡುತ್ತಿತ್ತು. ಅದನ್ನು ತೆಗೆದುಕೊಳ್ಳಬೇಕಾದರೆ ಇಡೀ ಹಾಲನ್ನು ದಾಟಿ, ಆ ಕುರ್ಚಿಯ ಮುಂದೆ ನಿಂತು, ಕೊಡಿ ಎಂದು ಕೇಳಬೇಕು. ಹೆಡ್ ಕ್ಲಾರ್ಕು ವಯಸ್ಸಾದವರು, ಒಂದು ಮಾತು ಆಡುವವರಲ್ಲ, ತಿರುಗಿ ತೆಗೆದು ಮೇಜಿನ ಮೇಲೆ ಇಡುವರು. ಬಿಲ್ಲೆ ಮೇಜಿಗೆ ಬಡಿದು ಟಕ್ ಎನ್ನುವುದು. ಹಾಲಿನಲ್ಲಿ ಟೈಪ್‌ರೈಟರುಗಳು ಒಂದು ಗಳಿಗೆ ನಿಲ್ಲುವುವು, ಮತ್ತೆ ಹೊರಡುವುವು. ಅಷ್ಟೇ. ಅಷ್ಟಕ್ಕಾಗಿ ಅವಳು ಬೆಳಗಿನ ಅರ್ಧ ಲೋಟ ಕಾಫಿಯ ಮೇಲೆ ಸಂಜೆಯವರೆಗೆ ಇರುವುದನ್ನು ಕಲಿತಳು. ಬೇಸಿಗೆಯಲ್ಲಿ ತಲೆ ಸುತ್ತುವುದು, ಉರಿ, ಜ್ವರ. ಡಾಕ್ಟರು ನೀರು ಜಾಸ್ತಿ ಕುಡಿಯಿರಿ ಎನ್ನುವರು. ಕಾರಣ ಅವರಿಗೂ ಅವಳು ಹೇಳಿಲ್ಲ. ಮಳೆ ಬಿಸಿಲು ಎಲ್ಲದರ ಲೆಕ್ಕ ಹಾಕಿ ಇಡೀ ಊರಿನ ನಾಳೆಯನ್ನು ಕಟ್ಟುವ ಕಚೇರಿ, ತನ್ನ ಒಬ್ಬ ಸಹಾಯಕಿಯ ಇವತ್ತಿನ ಮಧ್ಯಾಹ್ನವನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಇದರಲ್ಲಿ ಯಾರ ದುರುದ್ದೇಶವೂ ಇಲ್ಲವೆಂದು ಅವಳಿಗೆ ಗೊತ್ತಿತ್ತು. ದುರುದ್ದೇಶವಿದ್ದಿದ್ದರೆ ಜಗಳವಾಡಬಹುದಿತ್ತು.

ಮಧ್ಯಾಹ್ನ ಡಬ್ಬಿಯ ಮೊಸರನ್ನ ತಿಂದು ಅವಳು ಮೂಲೆಯ ಮಣ್ಣಿನ ಹೂಜಿಯ ಹತ್ತಿರ ಹೋದಳು. ಹೂಜಿಯ ನೀರನ್ನು ಅವಳು ಕುಡಿದದ್ದೇ ಇಲ್ಲ, ಅದು ಜಾತಿಯ ಮಡಿ ಎಂದು ಉಳಿದವರು ತಿಳಿದಿದ್ದರು, ಗುಂಡಣ್ಣನಂತೂ ಗೌರವದಿಂದ ಅದನ್ನು ಹೊಸಬರಿಗೆ ಹೇಳುತ್ತಿದ್ದ. ಅವಳು ಲೋಟ ತುಂಬಿಸಿ ಕುಡಿದಳು. ತಣ್ಣಗಿತ್ತು, ಮಣ್ಣಿನ ಘಮವಿತ್ತು. ಇನ್ನೊಂದು ಲೋಟ ಕುಡಿದಳು. ಸಿಟ್ಟಿಗೆ ಕುಡಿದಳೋ ಬಾಯಾರಿಕೆಗೆ ಕುಡಿದಳೋ ಅವಳಿಗೇ ತಿಳಿಯಲಿಲ್ಲ. ಸ್ವಲ್ಪ ಹೊತ್ತು ಕಳೆದು ಎದ್ದು ಹಾಲನ್ನು ದಾಟಿ ಹೆಡ್ ಕ್ಲಾರ್ಕಿನ ಮುಂದೆ ನಿಂತು, ಬೀಗದ ಕೈ ಕೊಡಿ ಎಂದಳು. ದಿನವೂ ಕೇಳುವವಳ ದನಿಯಲ್ಲಿ ಕೇಳಬೇಕೆಂದಿದ್ದಳು, ಅದು ಬೇಕಾದ್ದಕ್ಕಿಂತ ಗಟ್ಟಿಯಾಗಿ ಬಂತು. ಟೈಪ್‌ರೈಟರುಗಳು ನಿಂತವು. ನಿಲ್ಲಲಿ. ವಾಪಸು ಬಂದು ಬಿಲ್ಲೆಯನ್ನು ತಾನೇ ಮೇಜಿನ ಮೇಲೆ ಟಕ್ಕೆಂದು ಇಟ್ಟಳು. ಆಕಾಶವೇನೂ ಕಳಚಿ ಬೀಳಲಿಲ್ಲ. ಇಷ್ಟಕ್ಕೆ ಇಷ್ಟು ವರ್ಷ ಬೇಕಾಯಿತೇ ಎಂದು ಅವಳಿಗೆ ಸ್ವಲ್ಪ ನಗುವೂ ಬಂತು.

ಸಭೆ ಡೈರೆಕ್ಟರ ಕೋಣೆಯಲ್ಲಿ. ಉದ್ದ ಮೇಜು, ಮೇಲೆ ಫ್ಯಾನು, ಗೋಡೆಗೆ ಗುಂಡಣ್ಣನ ದೊಡ್ಡ ನಕ್ಷೆ. ದೆಹಲಿಯ ತಜ್ಞರು ಬಿಳಿ ಕೂದಲಿನ ಸೌಮ್ಯ ಮನುಷ್ಯ, ಬಿಸಿಲಿಗೆ ಬೆಂದಿದ್ದರು. ರಸ್ತೆಯ ಎಂಜಿನಿಯರು, ನೀರಿನ ಎಂಜಿನಿಯರು, ಇನ್ನೂ ಯಾರು ಯಾರೋ, ಎಲ್ಲರೂ ಗಂಡಸರು, ಎಲ್ಲರೂ ಇಂಗ್ಲಿಷಿನಲ್ಲಿ. ಮೂರು ಭವಿಷ್ಯಗಳ ಅಂಕಿಗಳನ್ನು ಸೀತಾರಾಮ ಓದಿದರು. ಜನಸಂಖ್ಯೆ, ತಲೆಗೆ ಇಷ್ಟು ನೀರು, ಎಕರೆಗೆ ಇಷ್ಟು ಮನೆ. ತಜ್ಞರು ತಲೆದೂಗಿದರು. ಮಾನವ ಅಂಶ ಎಂದು ಡೈರೆಕ್ಟರು ಹೇಳಿದಾಗ ಸೀತಾರಾಮ ಒಂದು ಕ್ಷಣ ಅವಳ ಕಡೆ ನೋಡಿ, ತಮ್ಮ ಮುಂದಿದ್ದ ಹಾಳೆಗಳನ್ನು ಮುಚ್ಚಿಟ್ಟು, ಅದನ್ನು ಬರೆದವರೇ ಓದುತ್ತಾರೆ ಎಂದರು. ಚಂದ್ರಮತಿ ಎದ್ದು ನಿಂತಳು. ಮೊದಲನೇ ಭವಿಷ್ಯದ ಹೆಂಗಸು ಎದ್ದಳು, ಬಾಗಿಲು ತೆರೆದಳು. ಈಗ ಆ ಹಾಳೆ. ಅವಳ ಕಿವಿ ಬಿಸಿಯಾಯಿತು. ಇಂಗ್ಲಿಷಿನಲ್ಲಿ ಮೈ ಮುಚ್ಚಿಕೊಳ್ಳಲು ಬೇಕಾದಷ್ಟು ಮಾತುಗಳಿದ್ದವು, ಅವು ನಾಲಿಗೆಯ ತುದಿಯವರೆಗೆ ಬಂದು ನಿಂತವು. ಉಷಾ ಬಾಟಲಿಯ ಮುಚ್ಚಳ ತಿರುಗಿಸುತ್ತಿದ್ದದ್ದು ಕಣ್ಣಿಗೆ ಕಟ್ಟಿತು. ತೊಂಬತ್ತೊಂದರಲ್ಲಿ ಆ ಹುಡುಗಿಗೆ ಈಗಿನ ತನ್ನ ವಯಸ್ಸಾಗಿರುತ್ತದೆ. ಚಂದ್ರಮತಿ ಬರೆದದ್ದನ್ನು ಬರೆದ ಹಾಗೇ ಓದಿದಳು. ಬಯಲಿಗೆ ಹೋಗುವುದು ಎಂದು ಓದಿದಳು, ಅದಕ್ಕೆ ಇಂಗ್ಲಿಷಿನಲ್ಲಿರುವ ಬರಿಯ ಮಾತನ್ನೇ ಓದಿದಳು. ಹೆಂಗಸರು ಬೆಳಕಿಗೆ ಹೆದರಿ ಇನ್ನೂ ಮುಂಚೆ ಏಳುತ್ತಾರೆ, ಹೊತ್ತು ಮುಳುಗಿದ ಮೇಲೆ ಉಣ್ಣುವುದನ್ನು ಬಿಡುತ್ತಾರೆ, ಹಗಲೆಲ್ಲ ನೀರು ಕುಡಿಯುವುದನ್ನು ಬಿಡುತ್ತಾರೆ, ಬಸುರಿಯಾದಾಗಲೂ ಬಿಡುತ್ತಾರೆ, ಹೆಣ್ಣುಮಕ್ಕಳನ್ನು ಸ್ಕೂಲಿನಿಂದ ಬಿಡಿಸುತ್ತಾರೆ ಎಂದು ಓದಿದಳು. ಒಂದೊಂದು ಭವಿಷ್ಯದಲ್ಲಿ ಕಾರಣ ಬೇರೆ, ಬಾಗಿಲಲ್ಲಿ ನಿಂತವಳು ಮಾತ್ರ ಒಬ್ಬಳೇ, ಎಂದು ಓದಿ ಮುಗಿಸಿದಳು.

ಯಾರೋ ಕೆಮ್ಮಿದರು. ಒಬ್ಬರು ಬ್ಲಾಟಿಂಗ್ ಪೇಪರಿನ ಮೇಲೆ ಗೀಚತೊಡಗಿದರು. ನೀರಿನ ಎಂಜಿನಿಯರು ಅವಳನ್ನು ನೋಡದೆ ಡೈರೆಕ್ಟರನ್ನು ನೋಡಿ, ಸಾರ್ವಜನಿಕ ಶೌಚಾಲಯವೊಂದನ್ನು ಯೋಜನೆಯಲ್ಲಿ ಆಗಲೇ ಸೇರಿಸಿದ್ದೇವೆ, ಮಾರ್ಕೆಟ್ಟಿನ ಪಕ್ಕ, ಆ ವಿಷಯ ಅಲ್ಲಿಗೆ ಮುಗಿಯಿತು ಎಂದರು. ಅದು ರಸ್ತೆಯ ಆಚೆ ಇದೆ, ಬಾಗಿಲು ಮಾರ್ಕೆಟ್ಟಿನ ಕಡೆಗಿದೆ, ಗಂಡಸರ ಸಾಲಿನ ಮುಂದೆ ಹಾದು ಯಾವ ಹೆಂಗಸೂ ಒಳಗೆ ಹೋಗುವುದಿಲ್ಲ ಎಂದಳು ಚಂದ್ರಮತಿ. ಹೋಗುವುದಿಲ್ಲ ಎಂದು ನಿಮಗೆ ಹೇಗೆ ಗೊತ್ತು ಎಂದರು ಅವರು. ಅವಳು ಉತ್ತರ ಕೊಡುವ ಮುಂಚೆ ರಸ್ತೆಯ ಎಂಜಿನಿಯರು, ಸರ್ವೆಯಲ್ಲಿ ಅದು ಖಾಲಿ ಜಾಗ ಎಂದಿದೆ, ನಮ್ಮದೇ ಸರ್ವೆ, ಎಂದು ನಕ್ಷೆಯ ಬಿಳಿ ಭಾಗದ ಕಡೆ ಕೈ ತೋರಿಸಿದರು. ಆ ಮಾತು ಅವಳಿಗೆ ಕೆನ್ನೆಗೆ ಹೊಡೆದ ಹಾಗಾಯಿತು. ಸೀತಾರಾಮ ತಲೆ ತಗ್ಗಿಸಿದ್ದರು. ಡೈರೆಕ್ಟರು ಕನ್ನಡಕದ ಮೇಲಿಂದ ಅವಳನ್ನು ನೋಡಿ, ಇಂಗ್ಲಿಷು ಬಿಟ್ಟು ತಮಿಳಿಗೆ ಇಳಿದರು. ಮನೆಯ ಮಗಳನ್ನು ಗದರುವ ಮುಂಚೆ ಒಂದು ಅವಕಾಶ ಕೊಡುವ ಹಿರಿಯರ ದನಿ. ಆ ಕುಪ್ಪದ ಗುಡಿಸಲಿನವರು ಯಾರೋ ಏನೋ ಹೇಳಿದರೆಂದು ಇದನ್ನೆಲ್ಲ ಇಲ್ಲಿ ತರಬಹುದೇ ಅಮ್ಮಾ, ನಿಮಗೆ ಇದನ್ನು ಯಾರು ಹೇಳಿದ್ದು, ಎಂದು ಕೇಳಿದರು.

"ಯಾರೂ ಹೇಳಿದ್ದಲ್ಲ ಸಾರ್," ಎಂದು ಚಂದ್ರಮತಿಯೂ ತಮಿಳಿನಲ್ಲೇ ಹೇಳಿದಳು. "ಸರ್ವೆ ದಿನ ನಾನೇ ಅಲ್ಲಿ ಕೂತಿದ್ದೆ."

ದೆಹಲಿಯವರು ಏನಂತೆ ಎಂದು ಪಕ್ಕದವರನ್ನು ಕೇಳಿದರು, ಪಕ್ಕದವರು ಹೇಳಲಾರದೆ ನೀರಿನ ಲೋಟ ಎತ್ತಿಕೊಂಡರು. ಡೈರೆಕ್ಟರ ಮುಖ ಕೆಂಪಾಯಿತು, ಅವರೂ ಹೆಣ್ಣುಮಕ್ಕಳ ತಂದೆ. ಸೀತಾರಾಮ ತಲೆ ಎತ್ತಿ ಅವಳನ್ನು ನೋಡುತ್ತಿದ್ದರು, ಅವರ ನೋಟದಲ್ಲಿ ಹೆದರಿಕೆಯಿತ್ತು, ಇನ್ನೇನೋ ಇತ್ತು. ಹೇಳಿಬಿಟ್ಟ ಮೇಲೆ ಅವಳಿಗೆ ಕಣ್ಣು ಕತ್ತಲಿಡುತ್ತದೆಂದು, ನೆಲ ಬಾಯಿಬಿಡುತ್ತದೆಂದು ಅವಳು ಕಾದಳು. ಹಾಗೇನೂ ಆಗಲಿಲ್ಲ. ಮೈಯೆಲ್ಲ ಒಂದು ತೆರನಾಗಿ ಗಟ್ಟಿಯಾಯಿತು. ಇನ್ನು ಇವರು ತನ್ನನ್ನು ಹೇಗೆ ಬೇಕಾದರೂ ನೋಡಲಿ, ನೋಡುತ್ತಲೇ ಇರಲಿ, ಉಪ್ಪಳಮೇಡಿನ ಮೇಲೆ ಮಾತ್ರ ಇವರು ನೋಡದೆ ಗೀಟು ಎಳೆಯುವುದು ಇವತ್ತಿಗೆ ಆಗದು. ಕೊನೆಗೆ ಡೈರೆಕ್ಟರು ತಗ್ಗಿದ ದನಿಯಲ್ಲಿ, ಆ ಜಾಗ ಎಲ್ಲಿ, ನಕ್ಷೆಯಲ್ಲಿ ತೋರಿಸಿ ಎಂದರು. ಅವಳು ಕುರ್ಚಿ ಸರಿಸಿ ಗೋಡೆಯ ಹತ್ತಿರ ಹೋದಳು. ನಕ್ಷೆಯ ಪಕ್ಕ ನಿಂತಿದ್ದ ಗುಂಡಣ್ಣ ಪೆನ್ಸಿಲು ಕೊಡುತ್ತ, ಅವಳಿಗಷ್ಟೇ ಕೇಳುವ ಹಾಗೆ, ಅವಳ ಮಾನ ಉಳಿಸುವ ಕಾಳಜಿಯಿಂದ, "ಒಂದು ಚುಕ್ಕೆ ಇಟ್ಬಿಡಿ ಅಮ್ಮಾ, ಸಾಕು" ಎಂದ.

ಚಂದ್ರಮತಿ ಚುಕ್ಕೆ ಇಡಲಿಲ್ಲ. ಉಪ್ಪಿನ ಪಾತಿಯ ಏರಿಯ ಮೇಲೆ ಪೆನ್ಸಿಲು ಊರಿ, ಅಲ್ಲಿಂದ ಕಾಲುವೆಯವರೆಗೆ ಎಳೆದಳು. ಕಾಲುವೆಯ ದಂಡೆಗುಂಟ ಇಳಿದು, ರಸ್ತೆಯ ಕೆಂಪು ಗೀಟನ್ನು ಅಡ್ಡ ದಾಟಿ, ದಿಬ್ಬವನ್ನು ಸುತ್ತಿಕೊಂಡು ಮತ್ತೆ ಏರಿಗೆ ಬಂದು ಕೂಡಿಸಿದಳು. ಅವಸರ ಮಾಡಲಿಲ್ಲ. ಇಡೀ ಬಿಳಿ ಜಾಗ ಅದರೊಳಗೆ ಬಂತು.

"ಇಷ್ಟೂ," ಎಂದಳು. ಆಮೇಲೆ ಗುಂಡಣ್ಣನ ಕಡೆ ತಿರುಗಿ ಕನ್ನಡದಲ್ಲಿ, "ಇದಕ್ಕೆ ಬಣ್ಣ ಹಚ್ಚಬೇಕು ಗುಂಡಣ್ಣ. ಯಾವ ಬಣ್ಣ ಹಚ್ತೀರಿ?" ಎಂದು ಕೇಳಿದಳು.

ಗುಂಡಣ್ಣ ನಕ್ಷೆಯ ಮೂಲೆಯಲ್ಲಿದ್ದ ಬಣ್ಣಗಳ ಗುರುತುಗಳನ್ನು ಮೇಲಿನಿಂದ ಕೆಳಗೆ ನೋಡಿದ, ಇನ್ನೊಮ್ಮೆ ನೋಡಿದ, ಡೈರೆಕ್ಟರ ಮುಖ ನೋಡಿದ. ಡೈರೆಕ್ಟರು ನಕ್ಷೆಯನ್ನು ನೋಡುತ್ತಿದ್ದರು. ಚಂದ್ರಮತಿ ಪೆನ್ಸಿಲು ಹಿಂದಕ್ಕೆ ಕೊಡದೆ ಅಲ್ಲೇ ನಿಂತಿದ್ದಳು.